21 ದಿನದಲ್ಲಿ ಚಿಂತೆ ಹೋಗುತ್ತೆ ಅನ್ನೋ ಮೆಸೇಜ್ ಬಗ್ಗೆ

ದಿನಾ ಬೆಳಗ್ಗೆ ವಾಕಿಂಗ್ ಮಾಡಿ, 21 ದಿನಕ್ಕೆ ಅಭ್ಯಾಸವಾಗುತ್ತೆ, ಚಿಂತೆ ಹೋಗುತ್ತೆ, ನಡುವೆ ಒಂದು ದಿನ ತಪ್ಪಿದರೆ ಮತ್ತೆ ಮೊದಲಿಂದ ಎಣಿಸಬೇಕು. ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಈ ಮಾತು ಸರಿಯಲ್ಲ.

21ರ ಲೆಕ್ಕ ಶುರುವಾಗಿದ್ದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅವರಿಂದ. ಆಪರೇಷನ್ ಆದವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗೋದಕ್ಕೆ ಕಡಿಮೆ ಅಂದರೂ 21 ದಿನ ಬೇಕು ಅಂತ ಅವರು 1960ರಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗ್ತಾ 'ಕಡಿಮೆ ಅಂದರೂ' ಅನ್ನೋದು ಬಿದ್ದುಹೋಯಿತು. ಚಿಂತೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿದಾಗ, ಒಂದು ಹೊಸ ಅಭ್ಯಾಸ ಬೇರೂರೋಕೆ ಸಿಕ್ಕ ಲೆಕ್ಕ ಸುಮಾರು 66 ದಿನ, ಅದೂ ಒಬ್ಬರಿಗೆ 18 ಆದರೆ ಇನ್ನೊಬ್ಬರಿಗೆ 254ರವರೆಗೂ ಹೋಗಬಹುದು ಅಂತ ಅವರ ಅಂದಾಜು. ಒಂದು ದಿನ ತಪ್ಪಿದರೆ ಹೆಚ್ಚೇನೂ ಹಾಳಾಗಲ್ಲ ಅಂತಲೂ ಅವರು ಕಂಡರು.

ನನಗೆ ಇದೇ ಮುಖ್ಯ. ನಮ್ಮಮ್ಮ ಒಂಬತ್ತನೇ ದಿನ ಮಳೆ ಬಂತು ಅಂತ ಹೋಗಲಿಲ್ಲ, ಕ್ಯಾಲೆಂಡರಿನಲ್ಲಿ ಹಾಕಿದ್ದ ಎಂಟು ಗುರುತನ್ನೂ ಪೆನ್ನಿನಲ್ಲಿ ಗೀಚಿ ಅಳಿಸಿ, ಆಮೇಲೆ ವಾಕಿಂಗೇ ಬಿಟ್ಟರು. ಚಿಂತೆ ಕಡಿಮೆ ಮಾಡ್ಕೊಳ್ಳೋಕೆ ಹೊರಟವರಿಗೆ ಇನ್ನೊಂದು ಚಿಂತೆ ಅಂಟಿತು, ಅಲ್ವಾ?

ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ, ರಾತ್ರಿ ಕಾಫಿ ಬಿಡೋದು, ಇವೆಲ್ಲ ಚಿಂತೆಯನ್ನು ಹಗುರ ಮಾಡುತ್ತವೆ, ಪೂರ್ತಿ ಅಳಿಸಲ್ಲ. ನಿದ್ದೆ, ಊಟ, ಕೆಲಸ ವಾರಗಟ್ಟಲೆ ಕೆಟ್ಟಿದ್ದರೆ ದಿನ ಎಣಿಸುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.