ಆ ಗುಂಡಿ ಅಪ್ಪಯ್ಯನ ಕೈಯಲ್ಲೇ ಇರಲಿ

"ಆಪರೇಷನ್ ಅಂದ್ಮೇಲೆ ನೋವು ಇದ್ದದ್ದೇ, ತಡ್ಕೋಬೇಕು." ನಮ್ಮ ತೀರ್ಥಹಳ್ಳಿ ಕಡೆ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಾನೂ ಹೇಳಿದ್ದೇನೆ, ಅದೂ ಸ್ವಂತ ಅಮ್ಮನಿಗೆ. ಅದು ತಪ್ಪು ಅಂತ ಗೊತ್ತಾಗೋಕೆ ಅಪ್ಪಯ್ಯನ ಹೊಟ್ಟೆ ಆಪರೇಷನ್ ಆಗಬೇಕಾಯಿತು.

ಮೊದಲು ಅಮ್ಮನದ್ದು ಹೇಳ್ತೀನಿ. 2009ರಲ್ಲಿ ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನಲ್ಲಿ ಅವಳ ಗರ್ಭಕೋಶ ತೆಗೆದರು. ಆಪರೇಷನ್ ಚೆನ್ನಾಗೇ ಆಯಿತು. ನೋವಿನ ಇಂಜೆಕ್ಷನ್ 8 ಗಂಟೆಗೊಂದು ಅಂತ ಚೀಟಿಯಲ್ಲಿ ಬರೆದಿದ್ದರು, ಆದರೆ ಅಮ್ಮನಿಗೆ ನಾಲ್ಕೇ ಗಂಟೆಗೆ ನೋವು ವಾಪಸ್ ಬರ್ತಿತ್ತು. ಇಡೀ ಮಹಡಿಗೆ ರಾತ್ರಿ ಒಬ್ಬರೇ ಸಿಸ್ಟರ್. ಪಾಪ, ಅವರಾದರೂ ಏನು ಮಾಡಬೇಕು, "ಇನ್ನೂ ಟೈಮ್ ಆಗಿಲ್ಲಮ್ಮ" ಅಂದರು. ಅಮ್ಮ ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ನೋಡೋಕೆ ಬಂದ ನೆಂಟರು, ಮೂರು ಹೆತ್ತವಳಿಗೆ ಇದ್ಯಾವ ಲೆಕ್ಕ ಅಂದರು. ನಾನೂ ತಲೆ ಸವರಿ ತಡ್ಕೋ ಅಂದೆ. ಅವಳು ತಡೆದುಕೊಂಡಳು. ಕೆಮ್ಮಿದರೆ ಹೊಲಿಗೆ ಬಿಚ್ಚಿದಂಗೆ ಆಗ್ತದೆ ಅಂತ ಕೆಮ್ಮಲಿಲ್ಲ, ಉಸಿರನ್ನೂ ಪೂರ್ತಿ ಎಳ್ಕೊಳ್ಳಲಿಲ್ಲ, ಎದ್ದು ಓಡಾಡಲಿಲ್ಲ. ನಾಲ್ಕನೇ ದಿನ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿದೆ ಅಂದರು ಡಾಕ್ಟರು.

ನೋವು ತಡೆದುಕೊಂಡರೆ ಅದಕ್ಕೊಂದು ಬೆಲೆ ತೆರಬೇಕಾಗ್ತದೆ ಅಂತ ನನಗೆ ಆಗ ಯಾರೂ ಹೇಳಿರಲಿಲ್ಲ. ಹೊಟ್ಟೆ ಕೊಯ್ದ ಮೇಲೆ ಪ್ರತಿ ಉಸಿರಿಗೂ ಗಾಯ ಎಳೀತದೆ. ಆ ಭಯಕ್ಕೆ ಮನುಷ್ಯ ಪೂರ್ತಿ ಉಸಿರು ತಗೊಳ್ಳೋದಿಲ್ಲ. ಶ್ವಾಸಕೋಶದ ಕೆಳಭಾಗ ಮುದುಡಿಕೊಳ್ತದೆ, ಕಫ ನಿಲ್ತದೆ, ನ್ಯುಮೋನಿಯಾಗೆ ದಾರಿಯಾಗ್ತದೆ. ನಡೆಯದೆ ಮಲಗೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅಂದರೆ ನೋವು ತೆಗೆಯೋದು ಬರೀ ಸುಖಕ್ಕಲ್ಲ. ಕೆಮ್ಮೋಕೆ, ಎದ್ದು ಕೂರೋಕೆ, ನಾಲ್ಕು ಹೆಜ್ಜೆ ಹಾಕೋಕೆ ಅದು ಬೇಕೇ ಬೇಕು.

ಹೋದ ವರ್ಷ ಅಪ್ಪಯ್ಯನಿಗೆ ದೊಡ್ಡ ಕರುಳಿನಲ್ಲಿ ಗಂಟು ಬಂತು. ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದೆವು. ಹಿಂದಿನ ದಿನ ಸಂಜೆ ಅನಸ್ತೇಶಿಯಾ ಡಾಕ್ಟರು ಬಂದು ಮಂಚದ ಪಕ್ಕ ಕೂತರು. ಹೆಣ್ಣುಮಗಳು, ನನ್ನ ವಯಸ್ಸೇ ಇರಬೇಕು. ನೋವಿನ ಔಷಧಿ ಕೊಡೋ ಒಂದು ಸಣ್ಣ ಪಂಪ್ ತೋರಿಸಿದರು, ಅದರಿಂದ ಬಂದ ವೈರಿನ ತುದಿಗೆ ಒಂದು ಗುಂಡಿ. "ನಾಳೆ ಆಪರೇಷನ್ ಆದ ಮೇಲೆ ಇದು ನಿಮ್ಮ ಕೈಯಲ್ಲಿ ಇರ್ತದೆ. ನೋವು ಶುರುವಾಯ್ತು ಅನ್ನಿಸಿದ್ರೆ ಒತ್ತಿ. ಕಾಯಬೇಡಿ" ಅಂದರು. ಅಪ್ಪಯ್ಯ ಗುಂಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಬೇಸಿಗೇಲಿ ತೋಟ ಬಾಡೋ ಮುಂಚೆ ನೀರು ಬಿಟ್ಟಂಗೆ" ಅಂದ. ಡಾಕ್ಟರಿಗೆ ಖುಷಿಯಾಯಿತು. ಹೌದು, ಪೂರ್ತಿ ಒಣಗಿದ ಮೇಲೆ ಒಟ್ಟಿಗೆ ಸುರಿಯೋದು ಬೇಡ, ಸ್ವಲ್ಪ ಸ್ವಲ್ಪ ಬಿಡೋದು ಅಂದರು.

ಅದು ಕೆಲಸ ಮಾಡೋದೂ ಹಾಗೇನೇ. ಒಳಗೆ ಮಾರ್ಫಿನ್ ಅಥವಾ ಫೆಂಟಾನಿಲ್ ಅನ್ನೋ ಬಲವಾದ ನೋವಿನ ಔಷಧಿ ತುಂಬಿರ್ತಾರೆ. ಒಂದು ಸಲ ಒತ್ತಿದರೆ ಒಂದು ಸಣ್ಣ ಡೋಸ್ ರಕ್ತನಾಳಕ್ಕೆ ಹೋಗ್ತದೆ, ಮಾರ್ಫಿನ್ ಆದರೆ ಸಾಮಾನ್ಯವಾಗಿ 1 ಮಿಲಿಗ್ರಾಂ. ಆಮೇಲೆ 5ರಿಂದ 10 ನಿಮಿಷ ಪಂಪಿಗೆ ಬೀಗ. ಆ ಹೊತ್ತಲ್ಲಿ ನೂರು ಸಲ ಒತ್ತಿದರೂ ಒಂದು ಹನಿಯೂ ಹೋಗೋದಿಲ್ಲ. ಎಷ್ಟು ಸಲ ಒತ್ತಿದರು, ಎಷ್ಟು ಸಲ ಔಷಧಿ ಹೋಯಿತು ಅನ್ನೋದನ್ನು ಪಂಪ್ ಲೆಕ್ಕ ಇಡ್ತದೆ. ಇದೇನು ನಿನ್ನೆ ಮೊನ್ನೆ ಬಂದದ್ದಲ್ಲ. ಇಂಥ ಯಂತ್ರ ಮೊದಲು ಮಾರುಕಟ್ಟೆಗೆ ಬಂದದ್ದು 1976ರಲ್ಲಿ, ಬ್ರಿಟನ್ನಿನಲ್ಲಿ.

ಮಾರನೇ ದಿನ ಬೆಳಿಗ್ಗೆ ಡಾಕ್ಟರು ಆ ಲೆಕ್ಕ ನೋಡಿದರು. ರಾತ್ರಿಯಿಡೀ ಅಪ್ಪಯ್ಯ ಒತ್ತಿದ್ದು ನಾಲ್ಕೇ ಸಲ. ಮುಖ ನೋಡಿದರೆ ಬೆವರು, ಕೈ ಮುಷ್ಟಿ ಬಿಗಿದುಕೊಂಡಿದೆ. ನೋವು ಹತ್ತಕ್ಕೆ ಎಷ್ಟು ಅಂತ ಕೇಳಿದರೆ "ಪರವಾಗಿಲ್ಲ" ಅಂತಾನೆ. ಎರಡು ಸಲ ಕೇಳಿದ ಮೇಲೆ ಬಾಯಿಬಿಟ್ಟ. ಒಂದೊಂದು ಸಲ ಒತ್ತಿದ್ದಕ್ಕೂ ಬಿಲ್ಲಿಗೆ ಸೇರ್ತದೆ ಅಂದುಕೊಂಡಿದ್ದನಂತೆ, ಸುಮ್ನೆ ಮಕ್ಕಳಿಗೆ ಖರ್ಚು ಯಾಕೆ ಅಂತ. ನನಗೆ ಅಲ್ಲೇ ಕಣ್ಣು ತುಂಬಿತು. ಡಾಕ್ಟರು ಬೈಯಲಿಲ್ಲ. "ಒತ್ತಿದ್ದಕ್ಕೆಲ್ಲ ದುಡ್ಡು ಹಾಕಲ್ಲ ಅಜ್ಜ. ಎದ್ದು ಕೂರೋಕೆ ಸ್ವಲ್ಪ ಮುಂಚೆ ಒಂದ್ಸಲ ಒತ್ತಿ" ಅಂದರು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಗೆ ದಿಂಬು ಅವುಚಿಕೊಂಡು ಗಟ್ಟಿಯಾಗಿ ಕೆಮ್ಮಿದ, ಉಸಿರು ಎಳೆದು ಚೆಂಡು ಮೇಲೆತ್ತೋ ವ್ಯಾಯಾಮದ ಡಬ್ಬಿಯಲ್ಲಿ ಮೂರರಲ್ಲಿ ಎರಡು ಚೆಂಡು ಮೇಲೆ ಎತ್ತಿದ. ಅಮ್ಮ ಪಕ್ಕದಲ್ಲಿ ನಿಂತು ನೋಡ್ತಿದ್ದಳು. ಏನೂ ಹೇಳಲಿಲ್ಲ.

ಎರಡನೇ ರಾತ್ರಿ ನಾನೊಂದು ತಪ್ಪು ಮಾಡೋದರಲ್ಲಿದ್ದೆ, ಇದನ್ನು ಎಲ್ಲರೂ ಓದಬೇಕು ಅಂತಲೇ ಬರೀತಿದ್ದೀನಿ. ಸುಮಾರು 2 ಗಂಟೆ ರಾತ್ರಿ. ಅಪ್ಪಯ್ಯ ನಿದ್ದೆಯಲ್ಲೇ ನರಳಿದ. ಪಾಪ, ಎಬ್ಬಿಸೋದು ಯಾಕೆ, ನಾನೇ ಒತ್ತೋಣ ಅಂತ ಗುಂಡಿಗೆ ಕೈ ಹಾಕಿದೆ. ಸಿಸ್ಟರ್ ಅಷ್ಟು ದೂರದಿಂದ ಓಡಿ ಬಂದರು. "ಅಕ್ಕ, ಕೈ ತೆಗೀರಿ. ಅದನ್ನ ಅವರು ಬಿಟ್ಟು ಯಾರೂ ಒತ್ತೋ ಹಾಗಿಲ್ಲ." ಆಮೇಲೆ ಕೂರಿಸಿ ಹೇಳಿದರು. ಈ ಔಷಧಿ ಜಾಸ್ತಿಯಾದರೆ ಮೊದಲು ಮಂಪರು ಬರ್ತದೆ, ಆಮೇಲೆ ಉಸಿರು ನಿಧಾನವಾಗ್ತದೆ. ಮಂಪರಿನಲ್ಲಿರೋ ಮನುಷ್ಯ ತಾನಾಗೇ ಗುಂಡಿ ಒತ್ತೋದಿಲ್ಲ, ಔಷಧಿ ಅಲ್ಲಿಗೇ ನಿಲ್ತದೆ. ಅದೇ ಇದರ ದೊಡ್ಡ ಕಾವಲು. ಮನೆಯವರು ಪ್ರೀತಿಯಿಂದ ಒತ್ತಿದರೆ ಆ ಕಾವಲೇ ಹೋಯಿತು, ಜೀವಕ್ಕೇ ಅಪಾಯ. ಅದಕ್ಕೇ ಅವರು ಮತ್ತೆ ಮತ್ತೆ ಬಂದು ಉಸಿರು ಎಣಿಸ್ತಿದ್ದದ್ದು, ಬೆರಳಿಗೆ ಆಕ್ಸಿಜನ್ ನೋಡೋ ಕ್ಲಿಪ್ ಹಾಕಿದ್ದು. ಮಾರ್ಫಿನ್ ಜಾಸ್ತಿಯಾದರೆ ಅದರ ಪರಿಣಾಮ ಇಳಿಸೋಕೆ ನಲೊಕ್ಸೋನ್ ಅನ್ನೋ ಇಂಜೆಕ್ಷನ್ ಇದೆ. ಅದು ಕೈಗೆ ಸಿಗೋ ಹಾಗೇ ಇಟ್ಟಿದ್ದರು. ನನಗೆ ಬೆಳಗಿನವರೆಗೂ ನಿದ್ದೆ ಬರಲಿಲ್ಲ.

ತೊಂದರೆ ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಅಪ್ಪಯ್ಯನಿಗೆ ವಾಕರಿಕೆ ಬಂತು, ಮೂಗು ತುರಿಸಿತು, ಮಲಬದ್ಧತೆ ಆಯಿತು. ವಾಕರಿಕೆಗೆ ಬೇರೆ ಔಷಧಿ ಕೊಟ್ಟರು. ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ಕಟ್ಟುವವರಿದ್ದರೆ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಲೇಬೇಕು. ಮಾರ್ಫಿನ್ ಅಂದ ಕೂಡಲೇ "ಚಟ ಹತ್ತಲ್ವಾ?" ಅಂತ ನಮ್ಮ ಚಿಕ್ಕಪ್ಪ ಫೋನಲ್ಲಿ ಕೂಗಾಡಿದ. ಆಪರೇಷನ್ ನೋವಿಗೆ ಎರಡು ಮೂರು ದಿನ, ಆಸ್ಪತ್ರೆಯವರ ಕಣ್ಣೆದುರು ತಗೊಂಡರೆ ಆ ಸಂಭವ ತೀರಾ ಕಡಿಮೆ. ಆದರೆ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. 1985ರ ಮಾದಕ ವಸ್ತು ಕಾಯಿದೆ ಬಂದ ಮೇಲೆ ಲೈಸೆನ್ಸು, ರಿಜಿಸ್ಟರು ಅಂತ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿ ಮಾಡಿ ನಿಯಮ ಸ್ವಲ್ಪ ಸಡಿಲ ಮಾಡಿದ್ದಾರೆ. ಮಾರ್ಫಿನ್ ತೆಗೆಯೋದು ಅಫೀಮಿನಿಂದ, ಆ ಅಫೀಮು ಬೆಳೆಯೋ ದೇಶ ನಮ್ಮದು, ನಮ್ಮವರೇ ನೋವಲ್ಲಿ ಮಲಗಬೇಕಾ?

ಪಂಪ್ ಎಲ್ಲ ಕಡೆ ಇರೋದಿಲ್ಲ, ಗೊತ್ತು. ನಮ್ಮ ಹೊಸನಗರ, ಸಾಗರದ ಸಣ್ಣ ಆಸ್ಪತ್ರೆಯಲ್ಲಿ ಅದನ್ನೇ ಕೇಳಿ ಅಂತ ನಾನು ಹೇಳೋದಿಲ್ಲ, ನೋಡಿಕೊಳ್ಳೋಕೆ ಜನ ಇಲ್ಲದ ಕಡೆ ಅದು ಬೇಡವೂ ಹೌದು. ಆದರೆ ದಾರಿ ಬೇರೆಯೂ ಇದೆ. ಬೆನ್ನಿನಲ್ಲಿ ಸಣ್ಣ ನಳಿಕೆ ಇಟ್ಟು ಕೊಡುವ ಎಪಿಡ್ಯೂರಲ್, ಹೊಟ್ಟೆಯ ಸ್ನಾಯುಗಳ ನಡುವೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್, ಅದೂ ಇಲ್ಲದಿದ್ದರೆ ನೋವು ಬರೋ ತನಕ ಕಾಯದೆ ಗಡಿಯಾರ ನೋಡಿ ತಪ್ಪದೆ ಕೊಡುವ ಪ್ಯಾರಸಿಟಮಾಲ್. ಆಪರೇಷನ್ ಹಿಂದಿನ ದಿನವೇ ಕೇಳಿ: ನೋವಿಗೆ ಏನು ಕೊಡ್ತೀರಿ, ಸಾಕಾಗದಿದ್ದರೆ ರಾತ್ರಿ ಯಾರನ್ನು ಕರೀಬೇಕು? ನಾವು ರೂಮಿನ ಬಾಡಿಗೆ ಕೇಳ್ತೀವಿ, ಊಟ ಎಲ್ಲಿ ಸಿಗ್ತದೆ ಅಂತ ಕೇಳ್ತೀವಿ, ಇದನ್ನು ಮಾತ್ರ ಕೇಳೋದಿಲ್ಲ.

ಡಿಸ್ಚಾರ್ಜ್ ಆಗಿ ಬರುವಾಗ ಆಗುಂಬೆ ಘಾಟಿಯ ಒಂದೊಂದು ತಿರುವಿನಲ್ಲೂ ಅಪ್ಪಯ್ಯ ಆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದ. ಎಷ್ಟಿದೆ ನೋವು ಅಂತ ಕೇಳಿದೆ. ಪರವಾಗಿಲ್ಲ ಅನ್ನಲಿಲ್ಲ. "ಸುಮ್ನೆ ಕೂತ್ರೆ ಎರಡು, ತಿರುವಲ್ಲಿ ಐದು. ನಿಧಾನ ಹೋಗೋಕೆ ಹೇಳು" ಅಂದ. ಡ್ರೈವರಿಗೆ ಹೇಳಿದೆ.