ಮೊದಲು ಸೈನ್ ಮೂವತ್ತು

ಓದು ಮುಗಿಸಿ ಸಿರ್ಸಿಗೆ ವಾಪಸ್ ಬಂದು ತೋಟ ಹಿಡಿದಾಗ ನನ್ನ ಜೊತೆ ಬಂದದ್ದು ಒಂದು ಕ್ಯಾಸಿಯೋ ಎಫ್‌ಎಕ್ಸ್-82ಎಂಎಸ್ ಕ್ಯಾಲ್ಕ್ಯುಲೇಟರ್. ಈಗ ಅದು ಅಡಿಕೆ ಲೆಕ್ಕದ ಪುಸ್ತಕದ ಮೇಲೆ ಕೂತಿರುತ್ತದೆ. ಅಷ್ಟೊಂದು ಗುಂಡಿ ಇದ್ದರೂ ನಮ್ಮ ಮನೆಯಲ್ಲಿ ಸವೆದದ್ದು ಕೂಡುವುದು, ಗುಣಿಸುವುದು, ಸಮ, ಮೂರೇ. ‘ಹೈಪ್’ ಗುಂಡಿ ಅಂಗಡಿಯಿಂದ ತಂದ ದಿನದ ಹಾಗೇ ಫಳಫಳ ಇದೆ.

ಡಿಗ್ರಿ, ಮಿನಿಟು, ಸೆಕೆಂಡಿನ ಗುಂಡಿ ಮಾತ್ರ ನನಗಿಷ್ಟ. ಗಂಟೆ ನಿಮಿಷಗಳನ್ನೂ ಅದು ಸುಮ್ನೆ ಕೂಡಿಕೊಡುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ 2 ಗಂಟೆ 10 ನಿಮಿಷ, ಅಲ್ಲಿಂದ ಕಾರವಾರಕ್ಕೆ 1 ಗಂಟೆ 55 ಅಂದುಕೊಂಡರೆ 4 ಗಂಟೆ 5 ನಿಮಿಷ. ಬಸ್ಸು ಅದನ್ನು ಕೇಳುವುದಿಲ್ಲ, ಆ ಮಾತು ಬೇರೆ.

ಒಂದು ವರ್ಷ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹೊಸ ಫೈಬರ್ ದೋಟಿ, ಅಂದರೆ ನೆಲದಿಂದಲೇ ಮರದ ತುದಿ ಮುಟ್ಟುವ ಉದ್ದ ಕೋಲು, ಕೊಳ್ಳಬೇಕಿತ್ತು. ದೋಟಿಗೆ ಅಡಿ ಲೆಕ್ಕದಲ್ಲಿ ದುಡ್ಡು. ಜಾಸ್ತಿ ಉದ್ದ ತಂದರೆ ದುಡ್ಡೂ ದಂಡ, ತೋಳೂ ದಂಡ. ಸರಿ, ಮಗಳ ಕಂಪಾಸ್ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೊಂದು ನಟ್ಟು ಇಳಿಬಿಟ್ಟೆ. ಮರದಿಂದ 30 ಅಡಿ ದೂರ ನಿಂತು, ಒಂದು ಕಣ್ಣು ಮುಚ್ಚಿ ಮೇಲಿನ ಅಡಿಕೆ ಗೊನೆಗೆ ಗುರಿ ಇಟ್ಟರೆ 60 ಡಿಗ್ರಿ. ದೂರವನ್ನು ಕೋನದ ಟ್ಯಾನ್‌ನಿಂದ ಗುಣಿಸಿದರೆ ಎತ್ತರ ಸಿಗುತ್ತದಲ್ಲ, ಮೂವತ್ತು ಇಂಟು ಟ್ಯಾನ್ ಅರವತ್ತು ಒತ್ತಿದೆ. 41.29 ಬಂತು. ಕಣ್ಣಿನ ಎತ್ತರ 5 ಅಡಿ ಸೇರಿಸಿದರೆ 46 ಚಿಲ್ಲರೆ. ಕೈ ಎತ್ತಿ ಹಿಡಿದರೆ 45 ಸಾಕು ಅಂತ ಪೇಟೆಗೆ ಹೋಗಿ ಅಷ್ಟೇ ತಂದೆ.

ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ದೋಟಿ ಎತ್ತಿದ. ಮತ್ತೂ ಎತ್ತಿದ. ಬಾಯಲ್ಲಿದ್ದ ಕವಳ ಉಗಿದು, “ಹೆಗ್ಡೇರೆ, ಮರ ನಿನ್ನೆ ರಾತ್ರಿ ಬೆಳೀತಾ?” ಅಂದ.

ಕೋನ ಸರಿ, ಅಳತೆ ಸರಿ. ಪರದೆಯ ಮೇಲ್ಗಡೆ ನೋಡಿದರೆ ‘ಡಿ’ ಇರಬೇಕಾದಲ್ಲಿ ಇರುವೆಯಷ್ಟು ‘ಜಿ’. ಕೋನ ಅಳೆಯಲು ಇದರಲ್ಲಿ ಮೂರು ಬಗೆ: ಮೋಡ್ ಎರಡು ಸಲ ಒತ್ತಿ ಒಂದು ಒತ್ತಿದರೆ ಡಿಗ್ರಿ, ಎರಡಕ್ಕೆ ರೇಡಿಯನ್, ಮೂರಕ್ಕೆ ಗ್ರೇಡಿಯನ್. ಆಟಕ್ಕೆಂದು ಮಗಳು ಒತ್ತಿದ್ದಳೋ ನಾನೇ ಒತ್ತಿದ್ದೆನೋ, ವಿಚಾರಣೆ ನಡೆಸುವ ಮುಖ ನನಗಿರಲಿಲ್ಲ. ಗ್ರೇಡಿಯನ್ನಿನಲ್ಲಿ ಲಂಬಕೋನಕ್ಕೆ 90 ಅಲ್ಲ, 100. ಫ್ರಾನ್ಸಿನವರು ಎಲ್ಲವನ್ನೂ ಹತ್ತು, ನೂರರಲ್ಲಿ ಅಳೆಯಲು ಹೊರಟ ಕಾಲದ ಕೂಸು ಅದು. ನಮ್ಮ ತೋಟದ ತನಕ ಬರುವ ಅಗತ್ಯವೇನಿತ್ತೋ! ಡಿಗ್ರಿಗೆ ತಿರುಗಿಸಿ ಒತ್ತಿದೆ. 51.96. ಐದು ಸೇರಿಸಿ ಸುಮಾರು 57 ಅಡಿ.

ನನ್ನ ತಕರಾರು ಇಷ್ಟೇ. ‘ಆರ್’ ಇದ್ದಿದ್ದರೆ 9.60 ಬರುತ್ತಿತ್ತು. ಹದಿನಾಲ್ಕೂವರೆ ಅಡಿಯ ಫಸಲಿನ ಮರ ಅಂದರೆ ಯಾರಾದರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಟ್ಯಾನ್ 90 ಕೇಳಿದರೆ ‘ಮ್ಯಾಥ್ ಎರರ್’ ಅಂತ ಮುಖಕ್ಕೇ ಹೇಳುತ್ತದೆ. ಈ ‘ಜಿ’ ಮಾತ್ರ ನಂಬುವ ಹಾಗೆ ಸುಳ್ಳು ಹೇಳುತ್ತದೆ. 46 ಅಡಿಯ ಅಡಿಕೆ ಮರ ಎಲ್ಲಿಲ್ಲ ಹೇಳಿ?

ಈಗ ಯಾವ ಲೆಕ್ಕಕ್ಕೂ ಮೊದಲು ಸೈನ್ 30 ಒತ್ತುತ್ತೇನೆ. 0.5 ಬಂದರೆ ಡಿಗ್ರಿಯಲ್ಲೇ ಇದೆ ಅಂತ, ಆಮೇಲೆ ಮುಂದಿನ ಮಾತು. ಗಣಪತಿಗೆ ಮೊದಲು ಕೈಮುಗಿದ ಹಾಗೆ, ಅಲ್ವಾ? 45 ಅಡಿ ದೋಟಿಯನ್ನು ಗೌಡ ಕೆಳಗಿನ ಹೊಸ ತೋಟಕ್ಕೆ ಒಯ್ದಿದ್ದಾನೆ. ಅಲ್ಲಿ ಇನ್ನೂ ನಾಲ್ಕೈದು ವರ್ಷ ಅದು ಸರಿಯಾದ ಅಳತೆ.