ಮೊದಲು ಚಿತ್ರವನ್ನು ನೋಡಿ

ಕೈಗಳ ಸ್ವಾಧೀನವಿಲ್ಲದ ಕಲಾವಿದರ ಮಳಿಗೆಯಲ್ಲಿ ‘ಬಾಯಿಂದ ಬಿಡಿಸಿದ ಚಿತ್ರ’ ಎಂಬ ಫಲಕ ಕಂಡೊಡನೆ ನಮ್ಮ ಜನ ಚಿತ್ರವನ್ನು ನೋಡುವುದನ್ನೇ ಬಿಡುತ್ತಾರೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಇದನ್ನು ಗಮನಿಸುತ್ತಲೇ ಬಂದಿದ್ದೇನೆ. ಪಕ್ಕದ ಮಳಿಗೆಯಲ್ಲಿ ಬಣ್ಣ ಸಾಲದು, ಚೌಕಟ್ಟು ಸರಿಯಿಲ್ಲ ಎಂದು ಗಂಟೆಗಟ್ಟಲೆ ಚೌಕಾಸಿ ಮಾಡಿದವರು ಇಲ್ಲಿ ‘ಅಯ್ಯೋ ಪಾಪ’ ಎನ್ನುತ್ತಾ ಕೈಗೆ ಸಿಕ್ಕಿದ ಕಾರ್ಡೊಂದನ್ನು ಕೊಂಡು, ಚಿಲ್ಲರೆಯನ್ನೂ ಕೇಳದೆ ಹೊರಡುತ್ತಾರೆ. ಅವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಕಲಾವಿದನಿಗೆ ಸಿಕ್ಕಿದ್ದು ದಾನ. ಕನಿಕರದಿಂದ ಕೊಂಡವರು ಒಮ್ಮೆ ಕೊಟ್ಟು ಮುಗಿಸುತ್ತಾರೆ. ಮೆಚ್ಚಿ ಕೊಂಡವರು ಮರುವರ್ಷ ಹುಡುಕಿಕೊಂಡು ಬರುತ್ತಾರೆ, ಜೊತೆಗೆ ಇನ್ನಿಬ್ಬರನ್ನು ಕರೆತರುತ್ತಾರೆ. ಕಲಾವಿದನ ಮನೆ ನಡೆಯುವುದು ಈ ಎರಡನೆಯವರಿಂದ.

ಜರ್ಮನಿಯ ಎರಿಚ್ ಸ್ಟೆಗ್ಮನ್ ಇದನ್ನು ಚೆನ್ನಾಗಿ ಅರಿತಿದ್ದರು. ಎಳವೆಯಲ್ಲೇ ಪೋಲಿಯೊದಿಂದ ಕೈಗಳ ಸ್ವಾಧೀನ ಕಳೆದುಕೊಂಡು, ಬಾಯಲ್ಲಿ ಕುಂಚ ಹಿಡಿದ ಅವರು 1950ರ ದಶಕದಲ್ಲಿ ತಮ್ಮಂಥವರನ್ನು ಸೇರಿಸಿ ಲಿಕ್ಟನ್‌ಸ್ಟೈನ್‌ನಲ್ಲಿ ಅಂತರರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಭಾರತದಲ್ಲೂ ಅದರ ಕಲಾವಿದರಿದ್ದಾರೆ. ಶುಭಾಶಯ ಪತ್ರ, ಕ್ಯಾಲೆಂಡರ್ ಮಾರಿ ಬಂದ ಹಣದಿಂದ ಸಂಘ ನಡೆಯುತ್ತದೆ. ಕೈಯಿಂದ ಚಿತ್ರಿಸುವ ವೃತ್ತಿಪರರ ಮಟ್ಟಕ್ಕೆ ಕೆಲಸ ಏರಿದರಷ್ಟೇ ಅಲ್ಲಿ ಪೂರ್ಣ ಸದಸ್ಯತ್ವ. ಮುಂದೆ ಚಿತ್ರಿಸಲು ಆಗದೇ ಹೋದರೂ ಸದಸ್ಯರಿಗೆ ತಿಂಗಳ ಹಣ ನಿಲ್ಲುವುದಿಲ್ಲ. ಮಟ್ಟದಲ್ಲಿ ರಿಯಾಯಿತಿ ಇಲ್ಲ, ಬದುಕಿಗೆ ಭದ್ರತೆ ಇದೆ. ನನಗೆ ಇದು ಬಹಳ ಹಿಡಿಸಿದ ಏರ್ಪಾಡು.

ಹಾಗಾದರೆ ಚಿತ್ರ ಹೇಗೆ ಮೂಡಿತು ಎಂದು ಬೆರಗಾಗುವುದು ತಪ್ಪೇ? ಖಂಡಿತ ಅಲ್ಲ. ಹಲ್ಲುಗಳ ನಡುವೆ ಕುಂಚ ಕಚ್ಚಿ ಹಿಡಿದವರಿಗೆ ಕ್ಯಾನ್ವಾಸು ಮುಖಕ್ಕೆ ತೀರಾ ಹತ್ತಿರ. ಇಡೀ ಚಿತ್ರ ಕಾಣಬೇಕಾದರೆ ಪ್ರತಿಸಲ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಗೆರೆ ಎಳೆಯುವುದು ಕತ್ತು. ಆ ಶ್ರಮ ಗೆರೆಯೊಳಗೇ ಇರುತ್ತದೆ, ಗೆರೆಯನ್ನು ನೋಡಿದವರಿಗೆ ಕಾಣುತ್ತದೆ. ಶಾಂತಿನಿಕೇತನದ ಚಿತ್ರಕಲಾವಿದ ಬಿನೋದ್ ಬಿಹಾರಿ ಮುಖರ್ಜಿ 1957ರಲ್ಲಿ ಪೂರ್ತಿ ಕುರುಡರಾದರು. ಆಮೇಲೆ ಬೆರಳ ಸ್ಪರ್ಶವನ್ನೇ ನಂಬಿ ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು. 1972ರಲ್ಲಿ ಅಲ್ಲಿನ ಕಲಾಶಾಲೆಯಾದ ಕಲಾಭವನದ ಗೋಡೆಗೆ ಹೆಂಚುಗಳ ಭಿತ್ತಿಚಿತ್ರವನ್ನೂ ಕೊಟ್ಟರು. ಅವುಗಳ ಮುಂದೆ ನಿಂತು ಯಾರು ತಾನೇ ‘ಪಾಪ’ ಎಂದಾರು?

ಚಿತ್ರ ಹಿಡಿಸದಿದ್ದರೆ ಸಂಕೋಚವಿಲ್ಲದೆ ಮುಂದೆ ನಡೆಯಿರಿ. ಹಿಡಿಸಿದರೆ ಹೇಳಿದ ಬೆಲೆ ಕೊಟ್ಟು, ಮನೆಯ ನಡುಮನೆಯಲ್ಲಿ ತೂಗುಹಾಕಿ. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಕ್ಕಷ್ಟೇ ಇಂಥ ಕಲಾವಿದರನ್ನು ನೆನೆಯುವ ಗ್ಯಾಲರಿಗಳ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ವರ್ಷದ ಉಳಿದ ಪ್ರದರ್ಶನಗಳಲ್ಲೂ ಬೇರೆಯವರ ಚಿತ್ರಗಳ ಸಾಲಿನಲ್ಲೇ ಇವರ ಚಿತ್ರಗಳೂ ಇರಲಿ. ಕೆಳಗಿನ ಚೀಟಿಯಲ್ಲಿ ಹೆಸರು, ಮಾಧ್ಯಮ, ಅಳತೆ, ಬೆಲೆ ಇದ್ದರೆ ಸಾಕು.